ದಮ್ಮು ನೋಡುವ ನಡಿಗೆ

ಆಸ್ಪತ್ರೆಯಲ್ಲಿ ನಗು ಬರುವಂಥದ್ದೆಲ್ಲ ನಗಬಾರದ ಹೊತ್ತಿನಲ್ಲೇ ನಡೆಯುತ್ತದೆ. ನಾನು ಲಿಂಗಸುಗೂರಿನಲ್ಲಿ ನರ್ಸ್. ಕೊರೊನಾ ಕಾಲದಲ್ಲಿ ಮಾಸ್ಕಿನೊಳಗೆ ತಡೆದುಕೊಂಡ ನಗು ಈಗ ಒಮ್ಮೊಮ್ಮೆ ಬರುತ್ತದೆ. ಬರುವಾಗ ಸಂಕಟವನ್ನೂ ಜೊತೆಗೆ ಕರೆದುಕೊಂಡೇ ಬರುತ್ತದೆ.

ಆಗ ನಮ್ಮಲ್ಲಿ ಒಂದು ಪರೀಕ್ಷೆ ಇತ್ತು. ಸೋಂಕು ತಗುಲಿದವರನ್ನು ವರಾಂಡದಲ್ಲಿ ಆರು ನಿಮಿಷ ನಡೆಸುವುದು, ಆಮೇಲೆ ಬೆರಳಿಗೆ ಯಂತ್ರ ಸಿಕ್ಕಿಸಿ ಆಕ್ಸಿಜನ್ ನೋಡುವುದು. ಡಾಕ್ಟರು ಯಂತ್ರದ ಜೊತೆಗೆ ನಡಿಗೆಯನ್ನೂ ನೋಡುತ್ತಿದ್ದರು. ನಿಧಾನ ನಡೆಯುವವರಿಗೆ ರೋಗ ಜೋರಾಗುವ ಸಂಭವ ಹೆಚ್ಚು, ಅವರ ಮೇಲೆ ಒಂದು ಕಣ್ಣಿಡಿ ಎನ್ನುತ್ತಿದ್ದರು.

1. ಪಾಸಾದವನು

ಹಟ್ಟಿಯಿಂದ ಒಬ್ಬ ತರುಣ ಬಂದ. ಅಪ್ಪ ಗಣಿಯಲ್ಲಿ ಪಾಳಿ ಕೆಲಸದವನು. ಮಗ ಡಿಗ್ರಿ ಮುಗಿಸಿ, ಸಿಕ್ಕಸಿಕ್ಕ ನೌಕರಿಯ ಓಟದ ಪರೀಕ್ಷೆಗೆಲ್ಲ ಹೋಗಿ ಬಂದು ಮನೆಯಲ್ಲೇ ಇದ್ದ. ಇಲ್ಲಿ ನೋಡಿದರೆ ಉದ್ದನೆಯ ವರಾಂಡ, ಸಾಲಾಗಿ ನಿಂತ ಗಂಡಸರು, ಗಡಿಯಾರ ಹಿಡಿದ ನಾನು. ರೂಢಿಯಾದ ಕಾಲುಗಳು ಕೇಳುತ್ತವೆಯೇ? "ನಡೀರಿ" ಎಂದದ್ದೇ ತಡ, ಓಡಿಯೇ ಬಿಟ್ಟ. ಎಲ್ಲರನ್ನೂ ಹಿಂದೆ ಹಾಕಿ, ಏದುಸಿರು ಬಿಡುತ್ತ ನನ್ನ ಮುಂದೆ ಎದೆ ಸೆಟೆಸಿ ನಿಂತ.

"ಪಾಸಾದೆನೇನ್ರಿ ಸಿಸ್ಟರ್?"

ಕೂರಿಸಿ, ಯಂತ್ರ ಹಚ್ಚಿ ನೋಡಿದೆ. ಚೆನ್ನಾಗಿತ್ತು. "ಪಾಸಾಗೀಯಪ್ಪ. ನಪಾಸಾದವ್ರಿಗೆ ಇಲ್ಲಿ ಹಾಸಿಗಿ, ಪಾಸಾದವ್ರು ಮನಿಗೆ" ಎಂದೆ.

ಹುಡುಗನ ಮುಖ ಸಪ್ಪಗಾಯಿತು. "ನನ್ನ ನಸೀಬ ನೋಡ್ರಿ. ಇಷ್ಟ ದಿನ ನಪಾಸಾಗಿ ಮನಿಗೆ ಹೋದೆ. ಈಗ ಪಾಸಾದ್ರೂ ಮನಿಗೇನಾ?"

2. ವರನ ಪರೀಕ್ಷೆ

ನಮ್ಮ ವಾರ್ಡಿನ ಆಯಾ ಸಿಂಧನೂರಿನವಳು. ಅವಳ ಅಣ್ಣ ಕೊರೊನಾದಲ್ಲಿ ತೀರಿಕೊಂಡ. ಅದಕ್ಕೂ ಬಹಳ ಮೊದಲೇ, ನಾಲ್ಕು ಹೆಜ್ಜೆ ನಡೆದರೆ ದಮ್ಮು ಬರುತ್ತದೆ ಎನ್ನುತ್ತಿದ್ದನಂತೆ. ವಯಸ್ಸಾಯಿತು ಬಿಡು ಎಂದು ಮನೆಯವರು ಸುಮ್ಮನಿದ್ದರು. ಆಗಲೇ ಡಾಕ್ಟರಿಗೆ ತೋರಿಸಲಿಲ್ಲವಲ್ಲ ಎಂಬ ಕೊರಗು ಅವನ ತಾಯಿಯನ್ನು ಇವತ್ತಿಗೂ ಬಿಟ್ಟಿಲ್ಲ.

ಈಚೆಗೆ ಅವನ ಮಗಳನ್ನು ನೋಡಲು ಗಂಡಿನವರು ಬಂದರು. ಹೆಣ್ಣು ನೋಡುವಾಗ ಹುಡುಗಿಯನ್ನು ನಡೆಸಿ ನೋಡುವುದು ನಮ್ಮ ಕಡೆ ಹಳೆಯ ರೂಢಿ. ಹುಡುಗಿ ತಲೆ ತಗ್ಗಿಸಿ ನಡೆದು ತೋರಿಸಿದಳು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಆ ತಾಯಿ, ಹುಡುಗಿಯ ಅಜ್ಜಿ, ಬಾಯಿ ತೆರೆದಳು.

"ಈಗ ಹುಡುಗ ನಡೀಲಿ. ಓಣಿ ಕಡೀತನಕ ಹೋಗಿ ಬರಲಿ. ದಮ್ಮಿಲ್ಲದವಗ ನನ್ನ ಮೊಮ್ಮಗಳ್ನ ಕೊಡಂಗಿಲ್ಲ."

ಗಂಡಿನವರು ಮುಖ ಮುಖ ನೋಡಿಕೊಂಡರು. ವರ ಸೋಫಾ ಬಿಟ್ಟು ಏಳಲಿಲ್ಲ. ಅವನ ತಾಯಿಗೆ ಸಿಟ್ಟು ಬಂತು.

"ನಮ್ಮ ಹುಡುಗಗ ನಡಿಯೋ ಗರಜ್ ಏನೈತ್ರಿ? ಅವಗ ಗಾಡಿ ಐತಿ!"

3. ಮಾವನ ಹಿಂದೆ ಅತ್ತೆ

ಮಸ್ಕಿಯ ನನ್ನ ಸೋದರಮಾವ ಈಗಿಲ್ಲ. ಇದ್ದಿದ್ದರೆ ಇದನ್ನು ಬರೆಯಲು ಬಿಡುತ್ತಿರಲಿಲ್ಲ.

ಅವನ ನಡಿಗೆ ಇಡೀ ಬಜಾರಿಗೆ ಗೊತ್ತಿತ್ತು. ಅವನು ಬೀಸುಗಾಲು ಹಾಕುತ್ತ ಮುಂದೆ, ಅತ್ತೆ ಎಲ್ಲೋ ಹಿಂದೆ. ತಿರುವಿನಲ್ಲಿ ನಿಂತು, ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. "ಕಾಲಾಗ ಜೀವ ಐತೋ ಇಲ್ಲೋ? ನಿನ್ನ ಕೂಡ ಲಗ್ನಕ್ಕ ಹೊಂಟ್ರ ತೊಟ್ಟಿಲ ಕಾರ್ಯಕ್ಕ ಮುಟ್ಟತೀವಿ!"

ಇಬ್ಬರಿಗೂ ಸೋಂಕು ತಗುಲಿ ನಮ್ಮ ಆಸ್ಪತ್ರೆಗೆ ಬಂದ ದಿನ ನನ್ನ ಪಾಳಿ ಇರಲಿಲ್ಲ. ಮಾವ ವರಾಂಡದಲ್ಲಿ ಪಟಪಟ ನಡೆದನಂತೆ. ಅತ್ತೆ ಮೈತುಂಬ ಸೆರಗು ಹೊದ್ದು, ಒಂದು ಕಡೆ ವಾಲಿಕೊಂಡು, ಕಾಲೆಳೆಯುತ್ತ ಹಿಂದೆ. ಇಬ್ಬರ ಆಕ್ಸಿಜನ್ನೂ ಚೆನ್ನಾಗಿಯೇ ಇತ್ತು. ಆದರೂ ಡಾಕ್ಟರು ನಡಿಗೆ ನೋಡಿ ಅತ್ತೆಯನ್ನು ಇಟ್ಟುಕೊಂಡರು, ಮಾವನನ್ನು ಮನೆಗೆ ಕಳಿಸಿದರು. ದಮ್ಮು ಬಂದರೆ ತಕ್ಷಣ ಬರಬೇಕು ಎಂದೂ ಹೇಳಿದ್ದರು.

ಮಾವನ ಹಿಗ್ಗು ಹೇಳತೀರದು. ಮನೆಯಲ್ಲಿ ದಮ್ಮು ಬಂದಾಗಲೂ, ಜೋರಾಗಿ ನಡೆಯುವವನಿಗೆ ಏನಾಗುತ್ತದೆ ಎಂದು ಯಾರಿಗೂ ಹೇಳದೆ ಕೂತ. ಕೊನೆಗೆ ಪಕ್ಕದ ಮನೆಯವರು ಆಂಬುಲೆನ್ಸಿನಲ್ಲಿ ಹಾಕಿಕೊಂಡು ಬಂದರು. ಗಟ್ಟಿಮುಟ್ಟಾಗಿದ್ದ ಅತ್ತೆ ತನ್ನ ಹಾಸಿಗೆಯನ್ನೇ ಅವನಿಗೆ ಬಿಟ್ಟುಕೊಟ್ಟಳು.

ಮಾವ ಆ ಸಲ ಬದುಕಿದ, ನಡಿಗೆ ಹೋಯಿತು. ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ಮತ್ತೊಮ್ಮೆ ತೋರಿಸಲು ಬಂದ ದಿನ ಬಸ್ ಸ್ಟ್ಯಾಂಡಿನವರೆಗೆ ನಾನೂ ಅವರ ಜೊತೆ ಹೋದೆ. ಇವನ ಕಾಲು ಸೋತು, ಗಂಡ ಹೆಂಡತಿ ಜೋಡಿಯಾಗಿ ನಡೆದದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ಪಕ್ಕದಲ್ಲಿ ಬಂದಾಗಲೇ ಮಾವನಿಗೆ ಕಂಡಿತು: ಅತ್ತೆಯ ಸೆರಗಿನೊಳಗೆ, ಬಗಲಲ್ಲಿ ಒಂದು ಚೀಲ.

"ಕೊಡಿಲ್ಲಿ ಅದನ್ನ" ಎಂದು ಇಸಿದುಕೊಂಡ. ಭಾರಕ್ಕೆ ಕೈ ಜಗ್ಗಿತು. ಚೀಲ ನೆಲಕ್ಕೆ ಕೂತಿತು, ಅದರ ಪಕ್ಕದ ಕಟ್ಟೆಯ ಮೇಲೆ ಮಾವ ಕೂತ.

"ಅವತ್ತ ವರಾಂಡದಾಗ ಸೈತ ಇದನ್ನ ಹೊತ್ತಿದ್ದೇನು?"

"ಮತ್ತೆಲ್ಲಿ ಇಡಲಿ? ದವಾಖಾನಿಯಾಗ ಕಳ್ಳರು ಭಾಳ, ಚೀಲ ಬಿಡಬ್ಯಾಡ ಅಂತ ನೀವ ಹೇಳಿದ್ರಲ್ರಿ."

ಮಾವ ಚೀಲದ ಹಿಡಿಕೆ ಹಿಡಿದು ಇನ್ನೊಮ್ಮೆ ಎತ್ತಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. "ನಾ ಜೋರ ನಡಿಯಾಂವ ಅಲ್ಲವ್ವ. ಬರಿಗೈಲೆ ನಡದಾಂವ."

ಅವನ ಕಣ್ಣು ತುಂಬಿತ್ತು. ಈ ಮಾತು ಅವನ ಕಾಲಲ್ಲಿ ಕಸುವು ಇದ್ದಾಗ ಬರಬಾರದಿತ್ತೇ ಎಂದು ನನಗೆ ಅನಿಸಿತು. ಅತ್ತೆ ಮಾತ್ರ ಬಸ್ಸು ಬಂತೇನೋ ಎಂದು ರಸ್ತೆ ನೋಡುತ್ತಿದ್ದಳು.

"ಏನೇನ ತುಂಬೀದಿ ಇದ್ರಾಗ?" ಎಂದು ಕೇಳಿದ.

"ನಿಮ್ಮ ಶಾಲು, ನಿಮ್ಮ ನೀರು, ನಿಮ್ಮ ಗುಳಿಗಿ, ನಿಮ್ಮ ಬುತ್ತಿ, ನಿಮ್ಮ ಛತ್ರಿ."

"ನಿಂದೇನೈತಿ?"

ಅತ್ತೆ ಒಂದು ಗಳಿಗೆ ನಿಜವಾಗಿಯೂ ಯೋಚಿಸಿದಳು.

"ಚೀಲ ನಂದ್ರಿ."