ನಮ್ಮಪ್ಪನ ಬಾಯಿ ಬಿಡಿಸಿದ ಹೋರಿ

ಒಡಹುಟ್ಟಿದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಲೋಕರೂಢಿ. ನಾನು ಒಬ್ಬನೇ ಮಗ. ಆ ಸುಖ ನನಗಿಲ್ಲ. ಹೀಗಾಗಿ ಕೊಟ್ಟಿಗೆಯಲ್ಲಿದ್ದ ಹೋರಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವನು. ಹೋರಿಯ ಹೆಸರು ಸೋಮ. ನಮ್ಮ ಹಿರೇಕೆರೂರು, ಹಾನಗಲ್ಲ ಕಡೆ ದೀಪಾವಳಿ ಮುಗಿದದ್ದೇ ತಡ, ಕೊರಳ ತುಂಬ ಕೊಬ್ಬರಿ ಹಾರ ಕಟ್ಟಿದ ಹೋರಿಗಳನ್ನು ಜನರ ನಡುವೆ ಓಡಿಸುತ್ತಾರೆ. ಯಾರ ಕೈಗೂ ಕೊಬ್ಬರಿ ಸಿಗದಂತೆ ಪಾರಾದರೆ ಹೋರಿ ಗೆದ್ದಂತೆ. ಅಪ್ಪನಿಗೆ ಇದೇ ಹುಚ್ಚು. ಸೋಮನಿಗಿಂತ ಮೊದಲು ಬೇರೆ ಹೋರಿಗಳಿದ್ದವು. ಮನೆಯಲ್ಲಿ ಹೋರಿಯ ನಂತರದ ನನ್ನ ಸ್ಥಾನ ಮಾತ್ರ ಬದಲಾಗಲಿಲ್ಲ.

ಹೋದ ಬೇಸಿಗೆಯಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಬಂದರು, ಮಾತು ಬರಲಿಲ್ಲ. ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದ ಮನುಷ್ಯ ಗೋಡೆ ನೋಡುತ್ತ ಮಲಗಿದ್ದು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು. "ದಿನಾ ಮಾತಾಡಸ್ರಿ. ಮೊದಲ ಮನಿ ಮಂದಿ ಹೆಸರು ಹೇಳಸ್ರಿ" ಎಂದರು ಡಾಕ್ಟರು. ಸರಿ, ನಾನು ಹೈಸ್ಕೂಲ್ ಮಾಸ್ತರ, ಹೇಳಿಸುವುದೇ ಕಸುಬು. "ಅಪ್ಪಾ, ಬ-ಸ-ವ-ರಾ-ಜ... ಅನ್ನು ನೋಡೂಣು" ಎಂದು ನನ್ನ ಹೆಸರಿನಿಂದಲೇ ಪಾಠ ಶುರು ಮಾಡಿದೆ. ಹೋರಿಯ ಹಿಂಡಿ ಖಾಲಿಯಾದ ಚೀಲವನ್ನು ನೋಡುವಂತೆ ಅಪ್ಪ ನನ್ನನ್ನು ನೋಡಿ ಮಗ್ಗಲು ಬದಲಿಸಿದರು.

ಬಾಗಿಲಲ್ಲಿದ್ದ ಅವ್ವ, "ನಿನ್ನ ಹೆಸರು ಉದ್ದ ಆತೋ ಬಸ್ಯಾ. ನಂದು ಹೇಳಸು. ನೀಲವ್ವ. ಸಣ್ಣದೈತಿ" ಎಂದಳು. ಅದೂ ಹೊರಡಲಿಲ್ಲ.

ಆಗ ನನ್ನ ಬುದ್ಧಿವಂತ ತಲೆಗೆ ಹೊಳೆದದ್ದು ಹಿಂದಿನ ಹೋರಿ ಹಬ್ಬದ ವಿಡಿಯೋ. ಅಪ್ಪನನ್ನು ಅಂಗಳದ ಕುರ್ಚಿಯಲ್ಲಿ ಕೂರಿಸಿ, ಮೊಬೈಲನ್ನು ಮಗಳ ಸ್ಪೀಕರಿಗೆ ಜೋಡಿಸಿ ದನಿ ಪೂರಾ ಏರಿಸಿದೆ. ಹಲಗೆ ಬಡಿತ, ಸಿಳ್ಳೆ, ಮೈಕಿನಲ್ಲಿ "ಸೋಮ ಬಂತು, ದಾರಿ ಬಿಡ್ರೀ!" ಅಪ್ಪನ ಕಣ್ಣು ಅರಳಿತು. ನಾನು ಜಂಬದಿಂದ ಅವ್ವನ ಕಡೆ ನೋಡಿದೆ. ಆ ಕೂಗು ಕೇಳಿದೊಡನೆ ಓಡಬೇಕೆಂದು ಕಲಿತವನೊಬ್ಬ ಕೊಟ್ಟಿಗೆಯಲ್ಲಿದ್ದಾನೆ ಎಂಬುದು ಮಾಸ್ತರರ ತಲೆಗೆ ಹೋಗಿರಲಿಲ್ಲ. ಹಗ್ಗ ಹರಿದುಕೊಂಡು ಸೋಮ ಅಂಗಳಕ್ಕೆ ನುಗ್ಗಿತು. ಹೆಂಡತಿ ಒಣಹಾಕಿದ್ದ ಸಂಡಿಗೆ ಚೆಲ್ಲಾಪಿಲ್ಲಿ. ಅವ್ವ "ಅಯ್ಯ ಶಿವನ!" ಎಂದು ಒಳಗೋಡಿ ಬಾಗಿಲು ಹಾಕಿಕೊಂಡಳು. ಅಪ್ಪನನ್ನು ಎತ್ತಿಕೊಂಡು ಓಡಬೇಕಾದ ಮಗನಾದ ನಾನು ಅಪ್ಪನ ಕುರ್ಚಿಯ ಹಿಂದೆಯೇ ಅಡಗಿದೆ.

"ಸೋಮ್ಯಾ! ನಿಂದರಲೇ!"

ತೊದಲಿತ್ತು, ಆದರೆ ಅಪ್ಪನದೇ ದನಿ. ಹೋರಿ ಗಕ್ಕನೆ ನಿಂತಿತು. ಅವ್ವ ಬಾಗಿಲು ತೆರೆದು ಅಳುತ್ತ, ನಗುತ್ತ ಬೈದಳು: "ಇಷ್ಟ ವರ್ಸ ರೊಟ್ಟಿ ಬಡದು ಹಾಕೀನಿ, ಬಾಯಾಗ ಮೊದಲ ಬಂದಾಂವ ಸೋಮ್ಯಾ!"

ಅಲ್ಲಿಂದ ಅಪ್ಪ ಮುಂದಿನ ಹಬ್ಬಕ್ಕೆ ಸೋಮನನ್ನು ತಾನೇ ಹಿಡಿದೊಯ್ಯಬೇಕೆಂದು ಹಟ ಹಿಡಿದರು. ಕೋಲೂರಿ ಕೊಟ್ಟಿಗೆಗೆ ಹೋಗತೊಡಗಿದರು. ಬಾಯಲ್ಲಿ "ಹುರುಳಿ" ಬಂತು, "ಹತ್ತಿಕಾಳು" ಬಂತು, "ಹಗ್ಗ" ಬಂತು. ಆಮೇಲೆ "ನೀಲಾ" ಕೂಡ ಬಂತು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ನನ್ನ ಹೆಸರಿನ ಸುದ್ದಿಯೇ ಇಲ್ಲ. ಈ ವಯಸ್ಸಿನಲ್ಲಿ ಹೋರಿಯ ಮೇವಿನ ಹಿಂದೆ ಸರತಿಯಲ್ಲಿ ನಿಂತ ನನ್ನ ಸ್ಥಿತಿ ಯಾರ ಮುಂದೆ ಹೇಳಿಕೊಳ್ಳಲಿ?

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಕೊಟ್ಟಿಗೆಯಿಂದ ಕೂಗು: "ಬಸ್ಯಾ!"

ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಓಡಿದೆ. ಕಣ್ಣು ತುಂಬಿದ್ದವು. ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದಕ್ಕ ನೀರು ಕುಡಿಸಿಲ್ಲೇನಲೇ, ಕತ್ತೆ?" ಎಂದರು. ಒಂದಕ್ಷರ ತೊದಲಲಿಲ್ಲ. ನಾನು ಬಕೆಟ್ ತುಂಬ ನೀರು ತಂದೆ. ಆ ಬೈಗುಳ ಇನ್ನೊಮ್ಮೆ ಕೇಳಬೇಕೆಂಬ ಆಸೆ ತಡೆಯಲಾಗದೆ, ಬೇಕೆಂದೇ ಅಷ್ಟನ್ನೂ ಅಪ್ಪನ ಕಾಲ ಬಳಿ ಚೆಲ್ಲಿದೆ.