ಪುಟ್ಟಮಾದಯ್ಯನ ಪೂರ್ತಿ ವಿಳಾಸ

ಪುಟ್ಟಮಾದಯ್ಯ: ಪೂರ್ತಿ ವಿಳಾಸ ಏಳು ಅಂದೋಳು ನೀನು. ಏಳ್ದೆ. ಕಂಪ್ಯೂಟ್ರು ನಿಂತೋದ್ರೆ ಅದ್ಕೆ ನಾನೇನವ್ವ ಮಾಡ್ಲಿ?

ವೀಣ: ಅದು ವಿಳಾಸಾನಾ ಯಜಮಾನ್ರೇ? ಪಟೇಲರ ಹಿತ್ತಲು, ಹುಣಸೇಮರ, ನಾಗರಾಜು ಟ್ರ್ಯಾಕ್ಟರ್ ಶೆಡ್ಡು, ಅವರ ಭಾಮೈದನ ಅರ್ಧ ಕಟ್ಟಿದ ಮನೆ... ನೀವು ಉಸಿರು ತಗೊಂಡ ಕಡೆಯೆಲ್ಲ ಕಾಮಾ ಹಾಕಿ ಹಾಕಿ ನನ್ನ ಬೆರಳು ಬಿದ್ದುಹೋಯ್ತು!

ಮಳವಳ್ಳಿಯ ಕುರಿ ವಿಮೆ ಕೌಂಟರಿನ ಗುಮಾಸ್ತೆ ವೀಣಳಿಗೆ ಅಂದು ಗ್ರಹಚಾರವೇ ವಕ್ಕರಿಸಿತ್ತು. ಅರ್ಜಿಗೆ ಅದೇ ಕೊನೆಯ ದಿನ. ಬಂಡೂರಿನ ಪುಟ್ಟಮಾದಯ್ಯ ತನ್ನ ಟಗರಿಗೆ ವಿಮೆ ಮಾಡಿಸದೆ ಕದಲುವ ಪೈಕಿಯಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಚಕ್ರ ತಿರುಗುತ್ತಲೇ ಇತ್ತು. ಮಂಡ್ಯ, ಮದ್ದೂರಿನ ಕೌಂಟರುಗಳೂ ನಿಂತಿವೆಯೆಂದು ಫೋನಿನ ಮೇಲೆ ಫೋನು. ಕಡೆಗೆ ತಂತ್ರಾಂಶ ನೋಡಿಕೊಳ್ಳುವ ಯತೀಶ ಸಿಕ್ಕಿದ. ವೀಣ ಸ್ಪೀಕರ್ ಹಾಕಿದಳು.

ಯತೀಶ: ಮೇಡಂ, ವಿಳಾಸ ಸರಿ ಇದ್ಯಾ ಅಂತ ನೋಡೋಕೆ ಒಂದು ಓಪನ್ ಸೋರ್ಸ್ ಲೈಬ್ರರಿ ಹಾಕಿದ್ದೀವಿ. ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಕೊಟ್ಟಿರೋ ಕೋಡು. ಅದರಲ್ಲೊಂದು ದೋಷ. ಕಾಮಾ ಸಿಕ್ಕಾಗೆಲ್ಲ ಮತ್ತೆ ಮೊದಲಿಂದ ಓದುತ್ತೆ. ಕಾಮಾ ಜಾಸ್ತಿ ಆದ್ರೆ ಓದ್ತಾನೇ ಇರುತ್ತೆ, ಬೇರೆ ಯಾರನ್ನೂ ಮಾತಾಡ್ಸಲ್ಲ.

ಪುಟ್ಟಮಾದಯ್ಯ: ಪುಕ್ಕಟೆ ಕೊಟ್ಟೋನ್ನ ಯಾಕಪ್ಪ ಅಂತೀಯ? ತಂದ್ ಆಕ್ಕೊಳ್ಳೋ ಮುಂಚೆ ನೀನ್ ನೋಡ್ಬಾರ್ದಾಗಿತ್ತಾ? ನಾನು ಟಗರ್ ತರೋವಾಗ ಬಾಯಿ ಬಿಡ್ಸಿ ಅಲ್ಲು ಎಣಿಸ್ದೆ ತತ್ತೀನಾ?

ಯತೀಶ ಕೆಮ್ಮಿದ.

ಯತೀಶ: ಮೇಡಂ, ಬರೆದೋರಿಗೆ ತಿಳಿಸಿದ್ದೀವಿ. ಅವರಿಗೆ ಬಿಡುವಾದಾಗ ಸರಿ ಮಾಡ್ತಾರೆ. ಈಗ ಸರ್ವರ್ ಆಫ್ ಮಾಡಿ ಆನ್ ಮಾಡ್ತೀನಿ. ಆ ಯಜಮಾನರದ್ದೊಂದು ಬಿಟ್ಟುಬಿಡಿ!

ಚಕ್ರ ನಿಂತಿತು. ವೀಣಳಿಗೆ ಹೋದ ಜೀವ ಬಂದಂತಾಯಿತು.

ವೀಣ: ಯಜಮಾನ್ರೇ, ಪಕ್ಕಕ್ಕೆ ಬನ್ನಿ. ಮುಂದಿನೋರು ಯಾರು?

ಪುಟ್ಟಮಾದಯ್ಯ: ನನ್ ಟಗರು?

ವೀಣ: ಮುಂದಿನ ವರ್ಷ ನೋಡೋಣ.

ಪುಟ್ಟಮಾದಯ್ಯ ಜಗಳಕ್ಕೆ ನಿಲ್ಲಲಿಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದ ತನ್ನ ಬೀದಿಯ ಇಂದ್ರಮ್ಮನ ಕಡೆ ತಿರುಗಿದ.

ಪುಟ್ಟಮಾದಯ್ಯ: ಇಂದ್ರಮ್ಮ, ವಿಳಾಸ ಬರ್ಸೋದು ನಿಂಗೇನ್ ಗೊತ್ತು? ಬಾ, ನಾನ್ ಏಳ್ಕೊಡ್ತೀನಿ. ನಿನ್ ಮನೆ ನಮ್ಮನೇಗಿಂತ ಇನ್ನೂ ಒಳಕ್ಕೈತೆ.

ಇಂದ್ರಮ್ಮ: ಊಂ ಕಣಣ್ಣ, ನೀನೇ ಏಳ್ಬುಡು.

ವೀಣ: ಅಯ್ಯೋ, ಬೇಡ! ಬನ್ನಿ ಯಜಮಾನ್ರೇ, ಮೊದಲು ನಿಮ್ಮದೇ ಆಗ್ಲಿ! ‘ಪುಟ್ಟಮಾದಯ್ಯ, ಬಂಡೂರು’ ಅಂತಷ್ಟೇ ಹಾಕಿದ್ರೆ ನಡೆಯುತ್ತಾ?

ಅವನು ತಲೆಯಾಡಿಸಿದ್ದೇ ತಡ, ಟಗರಿನ ವಿಮೆ ಚೀಟಿ ಹೊರಬಂತು. ಪುಟ್ಟಮಾದಯ್ಯ ಅದನ್ನು ಮಡಚಿ ಜೇಬಿಗಿಳಿಸಿದ.

ಪುಟ್ಟಮಾದಯ್ಯ: ನಡೀದೆ ಏನವ್ವ? ಪೋಸ್ಟ್‌ಮ್ಯಾನು ಅಷ್ಟೇ ನೋಡ್ಕೊಂಡು ಇಪ್ಪತ್ತೊರ್ಸದಿಂದ ಕಾಗ್ದ ತಂದ್ಕೊಡ್ತಾವ್ನೆ. ಮಿಕ್ಕಿದ್ದು, ಪಾಪ, ಕಂಪ್ಯೂಟ್ರು ನಮ್ಮೂರ್ ನೋಡಿಲ್ವಲ್ಲ ಅಂತ ಏಳ್ದೆ.