ನಗಬಾರದ ಸಭೆ

ಹಳೆಯ ಗ್ರಂಥಪಾಲಕರು ತೀರಿಕೊಂಡ ಸುದ್ದಿ ಗ್ರಂಥಾಲಯಕ್ಕೆ ತಲುಪಿದ್ದು ಹನ್ನೆರಡು ದಿನ ತಡವಾಗಿ, ಒಂದು ಸೋಮವಾರ ಬೆಳಿಗ್ಗೆ. ಅವರು ಕೊನೆಯದಾಗಿ ಓದಲು ಒಯ್ದಿದ್ದ ಪುಸ್ತಕಗಳನ್ನು ಹಿಂತಿರುಗಿಸಲು ಅವರ ಹೆಂಡತಿ ಆ ಸಂಜೆ ನಾಲ್ಕಕ್ಕೆ ಬರುವವರಿದ್ದರು. ಆಗಲೇ ಸಂತಾಪ ಸಭೆಯನ್ನೂ ನಡೆಸಿಬಿಡೋಣ ಎಂದು ಅವರ ಜಾಗಕ್ಕೆ ಬಂದಿದ್ದ ಹೊಸ ಮೇಡಂ ತೀರ್ಮಾನಿಸಿದರು.

"ಬೈಂಡರೇ, ಇಪ್ಪತ್ತು ವರ್ಷ ಅವರ ಜೊತೆ ಕೆಲಸ ಮಾಡಿದವರು ನೀವೊಬ್ಬರೇ. ನೀವೇ ಮಾತಾಡಬೇಕು."

ಬೈಂಡರನ ಕೈಯಲ್ಲಿದ್ದ ಅಂಟಿನ ಕುಂಚ ಅಲ್ಲೇ ನಿಂತಿತು. ತಂದೆಗಿಂತ ಹೆಚ್ಚಾಗಿದ್ದವರು ಹೋಗಿಬಿಟ್ಟಿದ್ದರು. ಅಳು ಬರಬೇಕಾದ ಹೊತ್ತಿನಲ್ಲಿ ಅವನಿಗೆ ಭಯ ಬಂತು. ನಗಬಾರದ ಜಾಗದಲ್ಲಿ 'ನಗಬಾರದು' ಎಂದು ನೆನೆದರೆ ಸಾಕು, ಅವನಿಗೆ ನಗು ಬಂದೇ ಬರುತ್ತಿತ್ತು. ಮಾವ ಸತ್ತಾಗ ನಕ್ಕಿದ್ದಕ್ಕೆ ಹೆಂಡತಿಯ ಅಣ್ಣಂದಿರು ಎರಡು ವರ್ಷ ಮಾತು ಬಿಟ್ಟಿದ್ದರು. ಈ ಸಂಜೆ ಗ್ರಂಥಪಾಲಕರ ಮನೆಯ ಅಮ್ಮನವರ ಎದುರಿಗೇ ನಕ್ಕುಬಿಟ್ಟರೆ? ಗ್ರಂಥಾಲಯದ ಟೈಪಿಸ್ಟ್ ಮತ್ತು ಕಾವಲುಗಾರನ ಹತ್ತಿರ ಅವನು ಇದನ್ನು ಹೇಳಿಕೊಂಡ.

"ಅದಕ್ಕೆಲ್ಲ ಯಾಕ್ರೀ ಹೆದರ್ತೀರಾ?" ಎಂದಳು ಟೈಪಿಸ್ಟ್. "ನಾವೇನು ಅಂದ್ಕೋತೀವೋ ಅದೇ ಆಗೋದು. ನಗಲ್ಲ, ನಗಲ್ಲ ಅಂತ ನೂರು ಸಲ ಅಂದ್ಕೊಳ್ಳಿ."

ಹದಿನೇಳನೆಯ ಸಲಕ್ಕೇ ನಗು ಕಾದ ಹಾಲಿನಂತೆ ಉಕ್ಕಿತು. ಆ ಗಡಿಬಿಡಿಯಲ್ಲಿ ಭೂಗೋಳದ ಪುಸ್ತಕಕ್ಕೆ ರಟ್ಟು ತಲೆಕೆಳಗಾಗಿ ಅಂಟಿತು.

"ನಾಲಿಗೆ ಕಚ್ಚಿ ಹಿಡ್ಕೊಳಪ್ಪ," ಎಂದ ಕಾವಲುಗಾರ. ಬೈಂಡರ್ ಕಚ್ಚಿದ. ಅರ್ಧ ಗಂಟೆಯಲ್ಲಿ ನಾಲಿಗೆ ಬಾತು, ಬಾಯಿಗೆ ಹತ್ತಿ ತುರುಕಿದಂತಾಯಿತು.

"ಕಚ್ಚು ಅಂದೆ, ತಿನ್ನು ಅಂದೆನೇನಪ್ಪ?"

"ಹಾಗಾದ್ರೆ ದುಃಖದ್ದೇ ನೆನೀರಿ," ಎಂದಳು ಟೈಪಿಸ್ಟ್. "ಬೇರೇನೂ ತಲೆಗೆ ತಂದ್ಕೋಬೇಡಿ."

ಎರಡರಿಂದ ನಾಲ್ಕರವರೆಗೆ ಅವನು ಕಪಾಟಿನ ಹಿಂದೆ ಕೂತು ದುಃಖಗಳನ್ನು ಹುಡುಕಿ ಹುಡುಕಿ ನೆನೆದ. ತಾಯಿಯ ಕೊನೆಯ ದಿನಗಳು, ಮಗಳ ಟೈಫಾಯ್ಡು, ತನ್ನ ಸೋರುವ ಮನೆ. ಕಳೆದುಹೋದ ಹೊಸ ಚಪ್ಪಲಿಯನ್ನೂ ಬಿಡಲಿಲ್ಲ. ನಾಲ್ಕು ಹೊಡೆಯುವಷ್ಟರಲ್ಲಿ ಅವನ ಮುಖ ನೆನೆದ ಗೋಣಿಚೀಲದಂತಾಗಿತ್ತು. ನಗುವಿನ ಸುಳಿವೂ ಇರಲಿಲ್ಲ.

ಸಭೆಯಲ್ಲಿ ಅಮ್ಮನವರು ಪುಸ್ತಕದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೇ ಕೂತಿದ್ದರು. ಬೈಂಡರ್ ಎದ್ದು ನಿಂತ. ಗೆದ್ದೆ ಎಂದುಕೊಂಡ. ಬಾಯಿ ತೆರೆಯುವಷ್ಟರಲ್ಲಿ ಅಮ್ಮನವರು ಕೈ ಎತ್ತಿದರು.

"ಸ್ವಲ್ಪ ಇರಪ್ಪ. ಹೋಗೋ ಹಿಂದಿನ ದಿನ ಅವರೊಂದು ಮಾತು ಹೇಳಿದ್ರು. ಲೈಬ್ರರೀಲಿ ಸಭೆ ಮಾಡಿದ್ರೆ ಯಾರೂ ಅಳಬಾರದು, ನಮ್ಮ ಬೈಂಡರಿಗೆ ನಗೋಕೆ ಹೇಳು, ಅವನು ನಕ್ಕರೆ ಊರೇ ನಗುತ್ತೆ ಅಂತ. ನಮ್ಮನೇಲಿ ಹನ್ನೆರಡು ದಿನದಿಂದ ಯಾರೂ ನಕ್ಕಿಲ್ಲ. ಪುಸ್ತಕ ಬರೀ ನೆಪ. ನಾನು ಬಂದಿದ್ದು ನಿನ್ನ ನಗು ಕೇಳೋಕೆ. ಒಂದು ಸಲ ನಗಪ್ಪ."

ಬೈಂಡರ್ ನಗಲು ಹೊರಟ. ಹಲ್ಲು ಕಾಣಿಸಿದ, ಭುಜ ಕುಣಿಸಿದ. ಎರಡು ಗಂಟೆ ಹೊತ್ತು ಒಟ್ಟಿದ್ದ ದುಃಖವೆಲ್ಲ ಒಮ್ಮೆಲೇ ಉಕ್ಕಿ ಬಂದು, ಅವನು ಎಳೆಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಅವನನ್ನು ನೋಡಿ ಟೈಪಿಸ್ಟ್ ಅತ್ತಳು, ಕಾವಲುಗಾರ ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡ, ಮೇಡಂ ಮೂಗೊರೆಸಿಕೊಂಡರು. ನಗು ಕೇಳಲು ಬಂದ ಅಮ್ಮನವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

"ಹೋಗಲಿ ಬಿಡಪ್ಪ," ಎಂದು ಅವನ ಬೆನ್ನ ಮೇಲೆ ಕೈಯಿಟ್ಟರು.

ಎಲ್ಲರೂ ಒಂದು ನಿಮಿಷ ಮೌನವಾಗಿ ನಿಂತರು. ಬೈಂಡರ್ ತಲೆ ತಗ್ಗಿಸಿ ಮನಸ್ಸಿನಲ್ಲೇ ಬೇಡಿಕೊಂಡ: "ದೇವರೇ, ಅವರು ನನ್ನನ್ನು ಕೇಳಿದ್ದು ಅದೊಂದೇ. ಅದೂ ನನ್ನ ಕೈಲಾಗಲಿಲ್ಲ. ಅವರ ಆತ್ಮಕ್ಕೆ ನೀನೇ ಶಾಂತಿ ಕೊಡು."